ಬೆಸುಗೆ ಆಯಿತು, ಲೇಪ ಎಲ್ಲಿ?

ಮೈಸೂರಿನ ಅಶೋಕ ರಸ್ತೆಯಿಂದ ಲಷ್ಕರ್ ಮೊಹಲ್ಲಾದೊಳಗೆ ತಿರುಗಿದರೆ ಸಿಗುವ ಒಂದು ಸಣ್ಣ ರಿಪೇರಿ ಅಂಗಡಿಗೆ ನಮ್ಮ ತೋಟದ ಬೋರ್‌ವೆಲ್ ಸ್ಟಾರ್ಟರಿನ ಬೋರ್ಡನ್ನು ಎರಡು ಸಲ ಒಯ್ದಿದ್ದೇನೆ. ಮೊದಲ ಸಲ ಡಬ್ಬಿಯೊಳಗೆ ಹಲ್ಲಿ ಹೊಕ್ಕು ಸತ್ತು, ರಿಲೇ ಪಕ್ಕದ ಟ್ರ್ಯಾಕ್ ಸುಟ್ಟಿತ್ತು. ಅಂಗಡಿಯವರು ಕುಶಲಿಗರು. ಮೇಲಿದ್ದ ಪಾರದರ್ಶಕ ಪದರವನ್ನು ಬ್ಲೇಡಿನಿಂದ ಕೆರೆದರು, ಜಂಪರ್ ತಂತಿ ಬೆಸೆದರು, ಅರ್ಧ ಗಂಟೆಯಲ್ಲಿ ಬೋರ್ಡಿಗೆ ಜೀವ ಬಂತು. ಕೆರೆದ ಜಾಗ ಮಾತ್ರ ಬೆತ್ತಲೆಯಾಗಿಯೇ ಉಳಿಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಹಸಿರು ಕಿಲುಬು.

ನಮ್ಮ ರಿಪೇರಿ ಪದ್ಧತಿಯ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಬೆಸುಗೆಗೆ ಕೊಡುವ ಗೌರವವನ್ನು ನಾವು ಲೇಪಕ್ಕೆ ಕೊಡುವುದಿಲ್ಲ. ಬೋರ್ಡನ್ನು ತೇವದಿಂದ ಕಾಯುವ ಆ ಪಾರದರ್ಶಕ ಪದರಕ್ಕೆ ಕಾರ್ಖಾನೆಯವರು ಕನ್ಫಾರ್ಮಲ್ ಕೋಟಿಂಗ್ ಅಂದರೆ ಅಂಗಡಿಯಲ್ಲಿ ವಾರ್ನಿಷ್ ಅನ್ನುತ್ತಾರೆ. ಹೊಳಪಿಗೆ ಬಳಿಯುವ ವಸ್ತುವೆಂಬ ಭಾವನೆ ಆ ಹೆಸರಿನಲ್ಲೇ ಇದೆ.

ಎರಡನೇ ಸಲ ನಾನೇ ಕೇಳಿ ಲೇಪ ಹಾಕಿಸಿದೆ. ಬೆಸುಗೆಯ ಬಿಸಿ ಆರುವ ಮೊದಲೇ, ಬೆಸುಗೆಗೆ ಹಚ್ಚಿದ ಅಂಟಂಟಾದ ಫ್ಲಕ್ಸ್ ಮೇಲೆಯೇ ಸ್ಪ್ರೇ ಬಿತ್ತು. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಯಾವ ಲೇಪವೂ ನೀರಾವಿಯನ್ನು ಪೂರ್ತಿ ತಡೆಯುವುದಿಲ್ಲ. ಸಿಲಿಕೋನಂತೂ ಧಾರಾಳವಾಗಿ ಒಳಗೆ ಬಿಡುತ್ತದೆ. ಒಳಬಂದ ತೇವಕ್ಕೆ ಫ್ಲಕ್ಸಿನ ಉಪ್ಪು ಸಿಕ್ಕರೆ ಅಲ್ಲೇ ಗುಳ್ಳೆ ಏಳುತ್ತದೆ. ಕರೆಂಟು ಹರಿಯುವ ಎರಡು ಕಾಲುಗಳ ನಡುವೆ ಲೋಹ ಕರಗಿ, ಬೇರಿನಂತೆ ಕವಲೊಡೆದು, ಒಂದನ್ನೊಂದು ಮುಟ್ಟುತ್ತದೆ. ಲೇಪ ಆಗ ಕೊಳೆಯನ್ನು ಕಾಪಾಡುತ್ತಿರುತ್ತದೆ, ಬೋರ್ಡನ್ನಲ್ಲ.

ಲೇಪದ ಆಯ್ಕೆಯ ವಿಷಯದಲ್ಲಿ ನಾನು ಅಕ್ರಿಲಿಕ್ ಪಕ್ಷ. ಅದರಲ್ಲಿ ರಾಸಾಯನಿಕ ಕ್ರಿಯೆ ಏನೂ ಇಲ್ಲ. ದ್ರಾವಕ ಹಾರಿಹೋಗುತ್ತದೆ, ಪದರ ಉಳಿಯುತ್ತದೆ, ಮುಂದೆ ಬಿಚ್ಚಬೇಕಾದವನು ತಕ್ಕ ದ್ರಾವಕದಲ್ಲಿ ಅದ್ದಿದ ಬ್ರಷ್ಷಿನಿಂದ ತೆಗೆಯಬಹುದು. ಪಾಲಿಯುರೆಥೇನ್ ಎಣ್ಣೆ, ಪೆಟ್ರೋಲಿಗೆ ಜಗ್ಗುವುದಿಲ್ಲ, ರಿಪೇರಿಯವರಿಗೂ ಜಗ್ಗುವುದಿಲ್ಲ. ಎಪಾಕ್ಸಿ ಗಟ್ಟಿಯಾಗುತ್ತಾ ಕುಗ್ಗಿ ಸಣ್ಣ ಭಾಗಗಳನ್ನು ಹಿಂಡುತ್ತದೆ. ವಾಷಿಂಗ್ ಮೆಷಿನ್ ಬೋರ್ಡನ್ನು ರಾಳದಲ್ಲಿ ಮುಳುಗಿಸಿಬಿಡುವುದಕ್ಕೆ ಅಲ್ಲಿನ ನೀರು ಕಾರಣವೆಂದು ಒಪ್ಪುತ್ತೇನೆ; ಆದರೆ ಒಂದು ರಿಲೇ ಕೆಟ್ಟರೆ ಇಡೀ ಬೋರ್ಡು ಗುಜರಿಗೆ ಹೋಗುವುದನ್ನು ಒಪ್ಪಲಾರೆ.

ಶಾಖವಿರುವಲ್ಲಿ ಸಿಲಿಕೋನ್ ಬೇಕು. ಆದರೆ ಬಚ್ಚಲಿನ ಸಂದಿಗೆ ಹಚ್ಚುವ, ವಿನೆಗರ್ ವಾಸನೆಯ ಟ್ಯೂಬನ್ನು ಬೋರ್ಡಿಗೆ ಹಿಂಡುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಗಾಳಿಯ ತೇವ ಹೀರಿ ಗಟ್ಟಿಯಾಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ. ಆಮ್ಲ ತಾಮ್ರವನ್ನು ತಿನ್ನುತ್ತದೆ. ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನೇ ಬೇರೆ ಸಿಗುತ್ತದೆ. ನೇರಳಾತೀತ ಬೆಳಕಿಗೆ ಕ್ಷಣದಲ್ಲಿ ಗಟ್ಟಿಯಾಗುವ ಲೇಪಗಳಿಗೆ ಇನ್ನೊಂದು ತೊಡಕು: ಐಸಿಯ ಹೊಟ್ಟೆಯಡಿ ಬೆಳಕು ಹೋಗುವುದಿಲ್ಲ, ಅಲ್ಲಿ ಹಸಿಯೇ ಉಳಿಯುತ್ತದೆ. ಅದಕ್ಕೇ ತೇವದಿಂದಲೋ ಶಾಖದಿಂದಲೋ ಎರಡನೇ ಸಲ ಗಟ್ಟಿಯಾಗುವ ಬಗೆಯನ್ನು ಕೊಳ್ಳಬೇಕು.

ಮೈಸೂರಿಗರಿಗೆ ಲೇಪ ಬಳಿಯುವುದು ಪರಕೀಯ ವಿದ್ಯೆಯೇನಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಇಲ್ಲೇ ಬಂಬೂ ಬಜಾರಿನಲ್ಲಿದೆ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಶಾಯಿ ಕೊಡುತ್ತಿರುವುದೂ ಅದೇ. ಅರಗಿನ ವಾರ್ನಿಷ್ಷು ಹಿಂದೆ ವಿದ್ಯುತ್ ಸುರುಳಿಗಳನ್ನು ಕಾಯುತ್ತಿತ್ತು. ಸ್ಪಿರಿಟ್ಟಿಗೆ ಕರಗುತ್ತಿದ್ದ ಕಾರಣ ಅಕ್ರಿಲಿಕ್ಕಿನ ಹಾಗೆ ಮರಳಿ ತೆಗೆಯಲೂ ಬರುತ್ತಿತ್ತು. ಪದರ ಪದರವಾಗಿ ಬಳಿದು ಆರಲು ಬಿಡುವ ತಾಳ್ಮೆ ಈ ಊರಿಗೆ ಗೊತ್ತಿದೆ.

ಆ ತಾಳ್ಮೆ ರಿಪೇರಿ ಮೇಜಿನ ಮೇಲೆ ಕಾಣದಿರುವುದಕ್ಕೆ ಕುಶಲಿಗರನ್ನಷ್ಟೇ ದೂರಲಾರೆ. ಸಂಜೆಯೊಳಗೆ ಬೇಕು ಎಂದು ಪೀಡಿಸುವವರು ನಾವೇ. ಆರುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ.

ಮೂರನೇ ಸಲ ನಾನೇ ಕೂತೆ. ಹಳೆಯ ಲೇಪ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಫ್ಲಕ್ಸ್ ತೊಳೆದು, 60 ಡಿಗ್ರಿಯಲ್ಲಿ ಎರಡು ಗಂಟೆ ಬೆಚ್ಚಗಿಟ್ಟು ತೇವ ಓಡಿಸಿದೆ. ಕನೆಕ್ಟರಿಗೂ ರಿಲೇಗೂ ಟೇಪು ಸುತ್ತಿದೆ. ಅಕ್ರಿಲಿಕ್ಕಿಗೆ 30ರಿಂದ 130 ಮೈಕ್ರಾನ್ ದಪ್ಪ ಸಾಕು, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲು. ಒಂದೇ ಸಲ ದಪ್ಪಗೆ ಹಾಕಿದರೆ ಮೇಲೆ ಕೆನೆಗಟ್ಟಿ ಒಳಗಿನ ದ್ರಾವಕ ಗುಳ್ಳೆಯಾಗುತ್ತದೆಂದು ಎರಡು ತೆಳು ಪದರ ಬಳಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪರಿಚಯದ ಅಂಗಡಿಯವರ ನೋಟು ನೋಡುವ ನೇರಳೆ ದೀಪದಡಿ ಹಿಡಿದೆ. ಲೇಪದೊಳಗಿನ ಬಣ್ಣ ನೀಲಿಯಾಗಿ ಹೊಳೆಯಿತು, ರಿಲೇ ಬದಿಯ ಒಂದು ಮೂಲೆ ಬಿಟ್ಟು. ಅಲ್ಲಿ ಕತ್ತಲಿತ್ತು. ಬೋರ್ಡನ್ನು ಮನೆಗೆ ತಂದು ಮತ್ತೆ ಬ್ರಷ್ ಅದ್ದಿದೆ.