ಪೀಠವಿಲ್ಲದ ಶಿಲ್ಪಗಳು

ನಮ್ಮ ಊರುಗಳಲ್ಲಿ ಪ್ರತಿಮೆಯೆಂದರೆ ಮೊದಲು ಪೀಠ, ಆಮೇಲೆ ಸುತ್ತ ಕಬ್ಬಿಣದ ಬೇಲಿ, ವರ್ಷಕ್ಕೊಮ್ಮೆ ಹಾರ. ಚೆರುವತ್ತೂರು ಸಮೀಪದ ಕುಟ್ಟಮತ್ತಿನಲ್ಲಿ ಹುಟ್ಟಿದ ಕಾನಾಯಿ ಕುಂಞಿರಾಮನ್ ಆ ಪೀಠವನ್ನೇ ತೆಗೆದರು. ಮದರಾಸಿನಲ್ಲೂ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲೂ ಕಲಿತ ಅವರು ಶಿಲ್ಪಿ, ಚಿತ್ರಕಾರ, ಕವಿಯೂ ಹೌದು. ಆದರೆ ಅವರ ನಿಜವಾದ ಮಾಧ್ಯಮ ನೆಲ ಎಂದೇ ನನ್ನೆಣಿಕೆ.

1969ರಲ್ಲಿ ಪಾಲಕ್ಕಾಡಿನ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ ಮೂಡಿದ ‘ಯಕ್ಷಿ’ಯನ್ನು ನೋಡಿ. ಹಾಲೆಮರದಡಿ ಸುಣ್ಣ ಕೇಳಿ ದಾರಿಹೋಕರ ನೆತ್ತರು ಹೀರುವ ಅಜ್ಜಿಕತೆಯ ಯಕ್ಷಿ ಇವಳಲ್ಲ. ಬಯಲಲ್ಲಿ ಬತ್ತಲೆ ಕುಳಿತು, ಕಾಲು ಚಾಚಿ, ಕೈಗಳನ್ನು ತಲೆಗೂದಲಿಗೆ ಏರಿಸಿದ್ದಾಳೆ. ಅಂದು ಅಶ್ಲೀಲವೆಂದು ಗದ್ದಲವೆದ್ದಿತು. ಇಂದು ಮಕ್ಕಳು ಅವಳ ಪಕ್ಕದಲ್ಲೇ ಕಡಲೆ ತಿನ್ನುತ್ತಾರೆ. ಶಿಲ್ಪವೂ ಜನರೂ ಒಂದೇ ಹುಲ್ಲಿನ ಮೇಲಿದ್ದಾರೆ. ಅವಳನ್ನು ಕಲಾಭವನದೊಳಗೆ ಒಯ್ದಿಟ್ಟರೆ ಉಳಿಯುವುದು ಬರೀ ಸಿಮೆಂಟು.

ಇದು ಗೊತ್ತಿಲ್ಲದವರಿಗೆ ಶಂಖುಮುಖದ ತಕರಾರು ಅರ್ಥವಾಗದು. ತಿರುವನಂತಪುರದ ಆ ಕಡಲತೀರದಲ್ಲಿ ಒರಗಿರುವ ‘ಸಾಗರಕನ್ಯಕ’ 87 ಅಡಿ ಉದ್ದ. 2020ರಲ್ಲಿ ಅದರ ಬಳಿ ವಾಯುಸೇನೆಯ ಹಳೆಯ ಹೆಲಿಕಾಪ್ಟರೊಂದನ್ನು ತಂದಿಟ್ಟರು. ಶಿಲ್ಪಕ್ಕೆ ಒಂದು ಗೀರೂ ಆಗಿಲ್ಲವಲ್ಲ ಎಂದರು ಕೆಲವರು. ಕಾನಾಯಿ ಮಾತ್ರ ನೊಂದು ಪ್ರತಿಭಟಿಸಿದರು. ನ್ಯಾಯವೇ. ಮರಳು, ಗಾಳಿ, ಸಂಜೆಯ ಜನ ಎಲ್ಲ ಸೇರಿ ಆದ ಕೃತಿಯ ನಡುವೆ ಯಂತ್ರವೊಂದನ್ನು ನಿಲ್ಲಿಸುವುದು, ಕವಿತೆಯ ಮಧ್ಯೆ ಜಾಹೀರಾತು ಅಚ್ಚು ಹಾಕಿದಂತೆ.

ಹಾಗೆಂದು ನನ್ನ ತಕರಾರನ್ನು ಮುಚ್ಚಿಡಲಾರೆ. ಯಕ್ಷಿ, ಮತ್ಸ್ಯಕನ್ಯೆ, ತಾಯಿ: ಕಾನಾಯಿಯವರ ನೆಲ ಮತ್ತೆ ಮತ್ತೆ ಹೆಣ್ಣುರೂಪವನ್ನೇ ತಾಳುತ್ತದೆ. ಪ್ರಕೃತಿಯೇ ಹೆಣ್ಣು ಎಂಬ ಸಮರ್ಥನೆ ಹಳೆಯದು, ಸುಲಭದ್ದು ಕೂಡ. ಕಲ್ಲಿನ ಹೆಣ್ಣಿಗೆ ಮೈಚಾಚಿ ಒರಗುವಷ್ಟು ಜಾಗವಿರುವ ತೀರದಲ್ಲಿ, ಜೀವಂತ ಹೆಣ್ಣೊಬ್ಬಳು ಕತ್ತಲಾದ ಮೇಲೆ ಒಬ್ಬಳೇ ಕೂರಬಲ್ಲಳೇ? ಈ ಪ್ರಶ್ನೆಯನ್ನು ಶಿಲ್ಪ ತಾನಾಗಿ ಕೇಳುವುದಿಲ್ಲ, ನೋಡುವವರು ಕೇಳಬೇಕಾಗುತ್ತದೆ.

ನಮ್ಮ ಕಾಸರಗೋಡಿನ ಜಿಲ್ಲಾ ಪಂಚಾಯತು ಆವರಣದಲ್ಲಿ ಅವರು ಕೈಗೆತ್ತಿಕೊಂಡ, ಎಂಡೋಸಲ್ಫಾನ್ ದುರಂತವನ್ನು ನೆನೆಯುವ ತಾಯಿ-ಮಗುವಿನ ಶಿಲ್ಪ ಬೇರೆಯೇ ಜಾತಿಯದು. ಈ ತಾಯಿ ಕತೆಯಿಂದ ಬಂದವಳಲ್ಲ. ಎಣ್ಮಕಜೆಯ ಗೇರುತೋಪುಗಳ ಕಡೆಯಿಂದ ಬಂದವಳು. ಬಹುಕಾಲ ಅದು ಅರೆಬರೆಯಾಗಿಯೇ ನಿಂತಿತ್ತು. ಸಹಾಯಧನದ ಅರ್ಜಿ ಹಿಡಿದು ಕಚೇರಿಗೆ ಅಲೆಯುತ್ತಿದ್ದ ತಾಯಂದಿರು ಅದರ ಮುಂದಿನಿಂದಲೇ ಹಾದು ಹೋಗಬೇಕಿತ್ತು.