‘ಸಲ್ಲಬೇಕಾದ ಕೂಲಿ ಎಷ್ಟು?’: ಕೆಲಸ, ಕಾಲ ಮತ್ತು ಕೂಲಿಯ ಹೇಳಿಕೆ ಲೆಕ್ಕಗಳ ಭಾಷೆಯನ್ನು ಕುರಿತು

1. ಪ್ರಸ್ತಾವನೆ

ಗಣಿತದ ಹೇಳಿಕೆ ಲೆಕ್ಕಗಳನ್ನು ಭಾಷೆಯ ದೃಷ್ಟಿಯಿಂದ ನೋಡಿದ ಅಧ್ಯಯನಗಳು ಹೆಚ್ಚಾಗಿ ಒಂದೇ ಪ್ರಶ್ನೆಯಿಂದ ಹೊರಡುತ್ತವೆ: ಓದುವವನು ಎಲ್ಲಿ ಎಡವುತ್ತಾನೆ? ಕ್ಲೆಮೆಂಟ್ 1982ರಲ್ಲಿ ಚರ್ಚಿಸಿದ ಪ್ರಸಿದ್ಧ ಉದಾಹರಣೆಯಲ್ಲಿ, ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬ ವಾಕ್ಯವನ್ನು ಸಮೀಕರಣವಾಗಿಸುವಾಗ ಕಾಲೇಜು ವಿದ್ಯಾರ್ಥಿಗಳೂ ಆರನ್ನು ತಪ್ಪು ಬದಿಗೆ ಬರೆಯುತ್ತಾರೆ. ಹಡ್ಸನ್ 1983ರಲ್ಲಿ ತೋರಿಸಿದಂತೆ, ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು ಎಂದು ಕೇಳಿದರೆ ತಡಬಡಾಯಿಸುವ ಪುಟ್ಟ ಮಕ್ಕಳು, ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ ಎಂದು ಕೇಳಿದರೆ ಸುಲಭವಾಗಿ ಉತ್ತರಿಸುತ್ತಾರೆ. ಜೆರೋಫ್ಸ್ಕಿ 1996ರಲ್ಲಿ ಈ ಲೆಕ್ಕಗಳನ್ನು ಒಂದು ಪಠ್ಯಪ್ರಭೇದವಾಗಿ ಓದಿ, ಅವುಗಳಲ್ಲಿ ಬರುವ ಜನರಿಗೂ ವಸ್ತುಗಳಿಗೂ ಹೊರಗಿನ ಲೋಕದಲ್ಲಿ ನಿಜವಾದ ನಿರ್ದೇಶ್ಯಗಳಿಲ್ಲ, ಅವುಗಳ ಕ್ರಿಯಾಕಾಲಗಳೂ ಸುಸಂಗತವಲ್ಲ ಎಂದು ಗುರುತಿಸಿದರು.

ಈ ಅಧ್ಯಯನಗಳಿಗೆ ನಾವು ಋಣಿಗಳು. ಆದರೆ ಪ್ರಶ್ನೆ ‘ಎಷ್ಟು ದಿನ?’ ಎಂಬುದರಿಂದ ‘ಸಲ್ಲಬೇಕಾದ ಕೂಲಿ ಎಷ್ಟು?’ ಎಂಬುದಕ್ಕೆ ತಿರುಗಿದಾಗ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ‘ಸಲ್ಲಬೇಕಾದ’ ಎಂಬ ಕೃದಂತವು ಒಂದು ನ್ಯಾಯದ ನಿಯಮವನ್ನು ಪೂರ್ವಕಲ್ಪಿಸುತ್ತದೆ. ಆ ನಿಯಮ ಯಾವುದೆಂದು ಲೆಕ್ಕ ಹೇಳುವುದಿಲ್ಲ. ಉತ್ತರಪಟ್ಟಿ ಮಾತ್ರ ಒಂದನ್ನು ಸರಿಯೆನ್ನುತ್ತದೆ. ಹೀಗಾಗಿ ‘ತಪ್ಪು’ ಎಂದು ಅಂಕ ಕಳೆದುಕೊಳ್ಳುವ ಉತ್ತರಗಳಲ್ಲಿ ಕೆಲವು ಕನ್ನಡ ವಾಕ್ಯವನ್ನು ಸರಿಯಾಗಿ ಓದಿದ ಫಲಗಳೇ ಆಗಿರಬಹುದು ಎಂಬುದು ನಮ್ಮ ವಾದ. ಕೆಳಗಿನ ಉದಾಹರಣೆಗಳನ್ನು ಶಾಲಾ ಲೆಕ್ಕಗಳ ಮಾದರಿಯಲ್ಲಿ ನಾವೇ ರಚಿಸಿದ್ದೇವೆ. ಯಾವುದೇ ಒಂದು ಪಠ್ಯಪುಸ್ತಕವನ್ನು ಗುರಿಯಾಗಿಸುವುದು ನಮ್ಮ ಉದ್ದೇಶವಲ್ಲ. ಪ್ರಭೇದವೇ ಇಲ್ಲಿ ವಿಮರ್ಶೆಯ ವಸ್ತು.

2. ವಾಕ್ಯ ಹೇಳುವುದು, ಸಮೀಕರಣ ಬೇಡುವುದು

(1) ರಾಮ ಒಂದು ಕೆಲಸವನ್ನು 12 ದಿನಗಳಲ್ಲಿ ಮಾಡಬಲ್ಲ. ಲಕ್ಷ್ಮಿ ಅದೇ ಕೆಲಸವನ್ನು 24 ದಿನಗಳಲ್ಲಿ ಮಾಡಬಲ್ಲಳು. ಇಬ್ಬರೂ ಸೇರಿ ಆ ಕೆಲಸವನ್ನು ಮಾಡಿ 3600 ರೂಪಾಯಿ ಪಡೆದರೆ ಅವರವರಿಗೆ ಸಲ್ಲಬೇಕಾದ ಕೂಲಿ ಎಷ್ಟು?

ನಿರೀಕ್ಷಿತ ಉತ್ತರ ಸುಪರಿಚಿತ. ದಿನವೊಂದಕ್ಕೆ ರಾಮನ ಕೆಲಸ 1/12, ಲಕ್ಷ್ಮಿಯದು 1/24, ಕೂಡಿದರೆ 1/8. ಆದ್ದರಿಂದ ಕೆಲಸ 8 ದಿನಗಳಲ್ಲಿ ಮುಗಿಯುತ್ತದೆ, ಕೂಲಿ 2:1ರಂತೆ 2400 ಮತ್ತು 1200 ರೂಪಾಯಿ.

ಈ ಹೆಜ್ಜೆಗಳಿಗೆ ವಾಕ್ಯ ಎಷ್ಟು ಆಧಾರ ಕೊಡುತ್ತದೆ? ಮೊದಲು ಕ್ರಿಯಾಪದವನ್ನು ನೋಡೋಣ. ‘ಮಾಡು’ ತಾನಾಗಿ ಪರಿಸಮಾಪ್ತಿಯನ್ನು ಹೇಳುವುದಿಲ್ಲ. ‘ಹತ್ತು ದಿನ ಕೆಲಸ ಮಾಡಿದರು, ಆದರೂ ಮುಗಿಯಲಿಲ್ಲ’ ಎಂಬುದು ನಿರ್ದುಷ್ಟ ವಾಕ್ಯ. ‘ಹತ್ತು ದಿನದಲ್ಲಿ ಕೆಲಸ ಮುಗಿಸಿದರು, ಆದರೂ ಮುಗಿಯಲಿಲ್ಲ’ ಎಂಬುದು ವಿರೋಧೋಕ್ತಿ. (1)ರಲ್ಲಿ ಪರಿಸಮಾಪ್ತಿಯ ಅರ್ಥವನ್ನೆಲ್ಲ ‘ದಿನಗಳಲ್ಲಿ’ ಎಂಬ ಸಪ್ತಮಿಯೊಂದೇ ಹೊರುತ್ತಿದೆ. ಕನ್ನಡದಲ್ಲಿ ‘ಮುಗಿಸು’, ‘ಮಾಡಿ ಮುಗಿಸು’, ‘ಮಾಡಿಬಿಡು’ ಎಂಬ ಸ್ಪಷ್ಟ ರೂಪಗಳಿರುವಾಗ ಅಸ್ಪಷ್ಟವಾದುದನ್ನೇ ಆಯ್ದುಕೊಳ್ಳುವುದು ಈ ಪ್ರಭೇದದ ಒಂದು ರೂಢಿ.

ಎರಡನೆಯದು ಸಾಮರ್ಥ್ಯಾರ್ಥ. ‘12 ದಿನಗಳಲ್ಲಿ ಮಾಡಬಲ್ಲ’ ಎಂದರೆ ಬೇಕಾದರೆ ಅಷ್ಟರೊಳಗೆ ಮಾಡುವ ಶಕ್ತಿಯುಂದೆಂದು ಅರ್ಥ. ಅವನು ನಿಧಾನಿಸಿ 15 ದಿನ ತೆಗೆದುಕೊಂಡರೂ ವಾಕ್ಯ ಸುಳ್ಳಾಗುವುದಿಲ್ಲ. ಸಮೀಕರಣಕ್ಕೆ ಬೇಕಿರುವುದಾದರೋ ಶಕ್ತಿಯ ಮಿತಿಯನ್ನು ಮೀರಿದ ಒಂದು ಸಂಗತಿ: ಪ್ರತಿದಿನವೂ, ಜೊತೆಗಾರ ಇರಲಿ ಇಲ್ಲದಿರಲಿ, ಕೆಲಸ ಒಂದೇ ಗತಿಯಲ್ಲಿ ಸಾಗುತ್ತದೆ ಎಂಬುದು. ಶಕ್ತಿಯನ್ನು ಹೇಳುವ ವಾಕ್ಯವನ್ನು ನಡೆದ ಕೆಲಸದ ದಾಖಲೆಯಂತೆ ಓದಬೇಕಾಗುತ್ತದೆ.

ಮೂರನೆಯದು ಸಾಮೂಹಿಕಾರ್ಥ ಮತ್ತು ವಿತರಣಾರ್ಥಗಳ ಭೇದ. ಲಿಂಕ್ 1983ರಲ್ಲಿ ಬಹುವಚನದ ಅರ್ಥವನ್ನು ವಿವರಿಸಿದಂದಿನಿಂದ ಈ ಭೇದ ಅರ್ಥವಿಜ್ಞಾನದ ಕೇಂದ್ರ ವಿಷಯಗಳಲ್ಲಿ ಒಂದು. ಇಲ್ಲಿ ಕನ್ನಡ ಓದುಗನಿಗೆ ನೆರವಾಗುತ್ತದೆ. ‘ಐವರು 10 ದಿನಗಳಲ್ಲಿ ಒಂದು ಗೋಡೆ ಕಟ್ಟಿದರು’ ಎಂಬುದು ಸಹಜವಾಗಿ ಸಾಮೂಹಿಕ. ವಿತರಣೆ ಬೇಕಾದರೆ ‘ಒಂದೊಂದು ಗೋಡೆ’ ಎಂಬ ದ್ವಿರುಕ್ತಿ ಸಿದ್ಧವಾಗಿದೆ. (1)ರಲ್ಲಿಯೂ ‘ಸೇರಿ’ ಎಂಬುದು ಕೆಲಸವನ್ನು ಸಾಮೂಹಿಕವಾಗಿಸುತ್ತದೆ, ‘ಅವರವರಿಗೆ’ ಎಂಬ ದ್ವಿರುಕ್ತ ಸರ್ವನಾಮ ಕೂಲಿಯನ್ನು ವಿತರಿಸುತ್ತದೆ. ಆದರೆ ಈ ವಿತರಣೆ ಹೇಳುವುದು ಇಷ್ಟನ್ನೇ: ಇಬ್ಬರಿಗೂ ಬೇರೆಬೇರೆಯಾಗಿ ಏನೋ ಸಲ್ಲಬೇಕು. ಎಷ್ಟು ಎಂಬ ವಿಷಯದಲ್ಲಿ ದ್ವಿರುಕ್ತಿ ಮೌನವಾಗಿದೆ. ‘ತಲಾ’ ಎಂದಿದ್ದರೆ ಸಮಪಾಲು ನಿಶ್ಚಿತವಾಗುತ್ತಿತ್ತು; ‘ಕೆಲಸಕ್ಕೆ ತಕ್ಕಂತೆ’ ಎಂದಿದ್ದರೆ 2:1 ನಿಶ್ಚಿತವಾಗುತ್ತಿತ್ತು.

3. ಚತುರ್ಥಿಯ ಹಲವು ಹೊರೆಗಳು

ಕೂಲಿಯ ಮಾತಿನಲ್ಲಿ ಕನ್ನಡದ ಚತುರ್ಥೀ ಪ್ರತ್ಯಯ ಹಲವು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ.

(2) ದಿನಕ್ಕೆ ಎಂಟು ಗಂಟೆಯ ಕೆಲಸಕ್ಕೆ 480 ರೂಪಾಯಿ.

(3) ಹತ್ತು ದಿನಕ್ಕೆ ಕೆಲಸ ಮುಗಿಯಿತು.

(2)ರ ಮೊದಲ ‘-ಕ್ಕೆ’ ದರದ ಛೇದವನ್ನು ಸೂಚಿಸುತ್ತದೆ, ಎರಡನೆಯದು ವಿನಿಮಯವನ್ನು. (3)ರಲ್ಲಿ ಅದೇ ಪ್ರತ್ಯಯ ಅವಧಿಯ ಕೊನೆಯನ್ನು ಸೂಚಿಸುತ್ತದೆ. ಇನ್ನು ‘ಹತ್ತು ದಿನಕ್ಕೆ 4800 ರೂಪಾಯಿ’ ಎಂಬಲ್ಲಿ ದರ, ವಿನಿಮಯಗಳೆರಡೂ ಬೆರೆತಿವೆ: ದಿನವೊಂದರ ದರವನ್ನು ಹತ್ತರಿಂದ ಗುಣಿಸಿ ಬಂದ ಮೊತ್ತವೆಂದೂ ಓದಬಹುದು, ಕೆಲಸ ಬೇಗ ಮುಗಿದರೂ ಕಡಿಮೆಯಾಗದ ಒಪ್ಪಂದದ ಮೊತ್ತವೆಂದೂ ಓದಬಹುದು. ಎಂಟನೆಯ ದಿನವೇ ಕೆಲಸ ಮುಗಿದರೆ ಮೊದಲ ಓದಿನಲ್ಲಿ 3840 ರೂಪಾಯಿ, ಎರಡನೆಯದರಲ್ಲಿ 4800. ಕೆಲಸಗಾರನಿಗೆ ಇದು 960 ರೂಪಾಯಿಯ ವ್ಯತ್ಯಾಸ. ಅದು ಕುಳಿತಿರುವುದು ಒಂದು ಪ್ರತ್ಯಯದ ಮೇಲೆ.

ಹಳೆಯ ಗಣಿತ ಪರಂಪರೆ ಈ ತೊಡಕನ್ನು ಬೇರೆ ರೀತಿಯಲ್ಲಿ ನಿಭಾಯಿಸಿತು. ತ್ರೈರಾಶಿಕದಲ್ಲಿ ಪ್ರಮಾಣ, ಫಲ, ಇಚ್ಛೆ ಎಂಬ ಮೂರು ಸ್ಥಾನಗಳಿಗೆ ಹೆಸರಿಟ್ಟು ಸಂಖ್ಯೆಗಳನ್ನು ಸಾಲಾಗಿ ಇರಿಸುತ್ತಿದ್ದರು. ಇಚ್ಛೆ ಹೆಚ್ಚಿದಾಗ ಫಲ ಕುಗ್ಗುವ ಸಂದರ್ಭಕ್ಕೆ ವ್ಯಸ್ತ ತ್ರೈರಾಶಿಕವೆಂಬ ಪ್ರತ್ಯೇಕ ನಿಯಮವಿತ್ತು. ಯಾವ ನಿಯಮ ಅನ್ವಯಿಸುತ್ತದೆ ಎಂಬ ತೀರ್ಮಾನ ಎಣಿಕೆಗೆ ಮುಂಚಿನ ಹೆಜ್ಜೆಯಾಗಿ, ಹೆಸರುಳ್ಳ ಹೆಜ್ಜೆಯಾಗಿ, ಎದುರಿಗಿರುತ್ತಿತ್ತು. 12ನೆಯ ಶತಮಾನದಲ್ಲಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ ರಾಜಾದಿತ್ಯನಿಂದಾಗಿ ಇಂಥ ಗಣಿತ ಈ ಭಾಷೆಗೆ ಅಂದೇ ಪರಿಚಿತ. ಈಗಿನ ಹೇಳಿಕೆ ಲೆಕ್ಕದಲ್ಲಿ ಆ ಹೆಜ್ಜೆ ಗದ್ಯದೊಳಗೆ ಹುದುಗಿಹೋಗಿದೆ.

4. ಕೂಲಿಯಾಳು ಪಾಲುದಾರನಾದ ಬಗೆ

(1)ರ 2:1 ಎಂಬ ಅನುಪಾತ ಎಲ್ಲಿಂದ ಬಂತು? ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ (1150) ಈ ಲೆಕ್ಕದ ಎರಡು ಬೇರುಗಳು ಬೇರೆಬೇರೆ ಜಾಗಗಳಲ್ಲಿವೆ. ಒಂದು, ಕೊಳ ತುಂಬುವ ಲೆಕ್ಕ: ನಾಲ್ಕು ಒರತೆಗಳು ಒಂದೊಂದಾಗಿ ಬಿಟ್ಟರೆ ದಿನದ 1, 1/2, 1/3, 1/6 ಭಾಗಗಳಲ್ಲಿ ಕೊಳವನ್ನು ತುಂಬುತ್ತವೆ; ಒಟ್ಟಿಗೆ ಬಿಟ್ಟರೆ ದಿನದ 1/12 ಭಾಗ ಸಾಕು. ಇನ್ನೊಂದು, ಪ್ರಕ್ಷೇಪದ ಲೆಕ್ಕ: 51, 68, 85ರಷ್ಟು ಮೂಲಧನ ಹೂಡಿದ ಮೂವರು ವರ್ತಕರಿಗೆ ಒಟ್ಟು 300 ಬಂದರೆ ಅವರ ಪಾಲುಗಳು 75, 100, 125.

ಒರತೆಗೆ ಯಾರೂ ಕೂಲಿ ಕೊಡುವುದಿಲ್ಲ. ವರ್ತಕರು ಹೂಡಿಕೆಗೆ ತಕ್ಕ ಪಾಲೆಂದು ಒಪ್ಪಿಕೊಂಡೇ ಕೂಡುತ್ತಾರೆ. ಎರಡೂ ಕಡೆ ಹಂಚಿಕೆಯ ನ್ಯಾಯ ವಿವಾದದ ವಿಷಯವಲ್ಲ. (1)ರಂಥ ಲೆಕ್ಕದಲ್ಲಿ ಇವೆರಡೂ ಒಂದಾಗಿವೆ: ಕೆಲಸಗಾರನನ್ನು ಮೊದಲು ಒಂದೇ ಸಮನೆ ಹರಿಯುವ ಒರತೆಯಾಗಿಸಿ, ಬಳಿಕ ಆ ಹರಿವನ್ನು ಹೂಡಿಕೆಯಾಗಿಸಿ, ಅವನನ್ನು ಪಾಲುದಾರನಂತೆ ನಡೆಸಿಕೊಳ್ಳಲಾಗಿದೆ. ಆದರೆ ಲೆಕ್ಕ ಬಳಸುವ ಪದ ‘ಕೂಲಿ’, ‘ಪಾಲು’ ಅಲ್ಲ. ಕನ್ನಡಿಗನ ಸಾಮಾನ್ಯ ಬಳಕೆಯಲ್ಲಿ, ಬೇರೆ ಮಾತಿಲ್ಲದಿದ್ದರೆ, ಕೂಲಿ ಎಂದರೆ ದಿನಕ್ಕೆ ಗೊತ್ತುಮಾಡಿದ ಹಣ. ‘ಇಬ್ಬರೂ ಎಂಟೆಂಟು ದಿನ ದುಡಿದರು, ಆದ್ದರಿಂದ ತಲಾ 1800’ ಎಂದು ಬರೆಯುವ ವಿದ್ಯಾರ್ಥಿ ಎಂಟು ದಿನಗಳನ್ನು ಸರಿಯಾಗಿ ಕಂಡುಹಿಡಿದಿದ್ದಾನೆ. ‘ಕೂಲಿ’ಯನ್ನು ಅದರ ರೂಢಿಯ ಅರ್ಥದಲ್ಲಿ ಓದಿದ್ದಾನೆ. ಅವನ ಉತ್ತರವನ್ನು ಅಲ್ಲಗಳೆಯುವ ಒಂದು ಪದವೂ (1)ರಲ್ಲಿಲ್ಲ.

ಕಾನೂನು ಈ ವಿಷಯದಲ್ಲಿ ಲೆಕ್ಕಕ್ಕಿಂತ ಜಾಗರೂಕವಾಗಿತ್ತು. 1948ರ ಕನಿಷ್ಠ ವೇತನ ಕಾಯ್ದೆ ಕಾಲದ ಮೇಲಿನ ದರವನ್ನೂ ಕೆಲಸದ ಪ್ರಮಾಣದ ಮೇಲಿನ ದರವನ್ನೂ ಪ್ರತ್ಯೇಕವಾಗಿ ಹೆಸರಿಸಿತ್ತು. ಕೆಲಸದ ಪ್ರಮಾಣಕ್ಕೆ ತಕ್ಕಂತೆ ದುಡಿಯುವವನಿಗೂ, ಅವನಿಗೆ ಕಾಲದ ಕನಿಷ್ಠ ದರ ನಿಗದಿಯಾಗಿದ್ದರೆ, ಅದಕ್ಕಿಂತ ಕಡಿಮೆ ಸಲ್ಲದಂತೆ 17ನೆಯ ಕಲಮು ತಡೆಯುತ್ತಿತ್ತು. ಅಂದರೆ ‘ಸಲ್ಲಬೇಕಾದುದು’ ಯಾವುದೆಂದು ಹೇಳುವ ಮುನ್ನ ಯಾವ ದರವೆಂದು ಹೇಳಲೇಬೇಕಾಗಿತ್ತು.

5. ಆಳು, ದಿನಗೂಲಿ, ಗುತ್ತಿಗೆ, ಮುಯ್ಯಾಳು

ಈ ಭೇದಗಳಿಗೆ ಹೊಸ ಪರಿಭಾಷೆಯನ್ನು ಟಂಕಿಸಬೇಕಿಲ್ಲ. ದಿನದ ಲೆಕ್ಕದ ದುಡಿಮೆಗೆ ‘ದಿನಗೂಲಿ’, ಇಡೀ ಕೆಲಸಕ್ಕೆ ಇಷ್ಟೆಂದು ಮಾತಾಡಿಕೊಂಡ ದುಡಿಮೆಗೆ ‘ಗುತ್ತಿಗೆ’, ಹಣವಿಲ್ಲದೆ ಇಂದು ನಿಮ್ಮ ಹೊಲಕ್ಕೆ ನಾವು ನಾಳೆ ನಮ್ಮ ಹೊಲಕ್ಕೆ ನೀವು ಎಂಬ ದುಡಿಮೆಗೆ ‘ಮುಯ್ಯಾಳು’ ಎಂಬ ಪದಗಳು ಊರುಗಳಲ್ಲಿವೆ. ಮುಯ್ಯಾಳಿನ ಪದ್ಧತಿಯಲ್ಲಿ ಕೈ ಚುರುಕಾದವನ ಒಂದು ದಿನಕ್ಕೆ ನಿಧಾನಿಯ ಒಂದು ದಿನವೇ ಸಮ; ಅಲ್ಲಿ ನ್ಯಾಯದ ಅಳತೆಗೋಲು ದಿನ.

‘ಆಳು’ ಎಂಬ ಪದ ಇನ್ನೂ ಗಮನಾರ್ಹ. ‘ನಾಟಿಗೆ ಹನ್ನೆರಡು ಆಳು ಬಂದರು’ ಎಂಬಲ್ಲಿ ಕ್ರಿಯಾಪದ ಮಾನುಷ ಬಹುವಚನದಲ್ಲಿದೆ. ‘ನಾಟಿಗೆ ಹನ್ನೆರಡು ಆಳಾಯಿತು’ ಎಂಬಲ್ಲಿ ನಪುಂಸಕ ಏಕವಚನದಲ್ಲಿದೆ. ಎರಡನೆಯ ವಾಕ್ಯ ನಾಲ್ವರು ಮೂರು ದಿನ ದುಡಿದಾಗಲೂ ನಿಜ, ಆರು ಮಂದಿ ಎರಡು ದಿನ ದುಡಿದಾಗಲೂ ನಿಜ. ಇಲ್ಲಿ ‘ಆಳು’ ವ್ಯಕ್ತಿಯ ಹೆಸರಲ್ಲ, ಒಬ್ಬರ ಒಂದು ದಿನದ ದುಡಿಮೆಯ ಮಾನ. ಜನರನ್ನೂ ದಿನಗಳನ್ನೂ ಗುಣಿಸಿ ವಿದ್ಯಾರ್ಥಿ ಕಷ್ಟಪಟ್ಟು ಕಟ್ಟಿಕೊಳ್ಳಬೇಕಾದ ಪರಿಮಾಣವನ್ನು ಭಾಷೆ ಒಂದೇ ಪದದಲ್ಲಿ ಕೊಟ್ಟಿದೆ, ಕ್ರಿಯಾಪದದ ಅನ್ವಯದಿಂದ ಅದನ್ನು ಗುರುತೂ ಮಾಡಿದೆ. ‘ಐವರು 10 ದಿನ’ ಎಂದರೆ ಐವತ್ತು ಆಳು. ಹತ್ತು ಜನರಿಗೆ ಎಷ್ಟು ದಿನವೆಂಬುದು ಬಳಿಕ ಬರಿಯ ಭಾಗಾಕಾರ.

ಆಡುನುಡಿಯೆಲ್ಲ ನ್ಯಾಯದ ಪರವೆಂದು ನಾವು ಹೇಳುತ್ತಿಲ್ಲ. ‘ಗಂಡಾಳು’, ‘ಹೆಣ್ಣಾಳು’ ಎಂಬ ವಿಭಾಗವೂ ಅಲ್ಲಿಯದೇ, ಅದರೊಂದಿಗೆ ಬರುವ ಎರಡು ಬಗೆಯ ಕೂಲಿಯೂ ಅಲ್ಲಿಯದೇ. ಶಾಲಾ ಲೆಕ್ಕ ಅದನ್ನು ಪ್ರಶ್ನಿಸದೆ ಸಾಮಾನ್ಯ ಸತ್ಯವಾಗಿಸುತ್ತದೆ:

(4) 4 ಗಂಡಸರು ಅಥವಾ 6 ಹೆಂಗಸರು ಒಂದು ಕೆಲಸವನ್ನು 12 ದಿನಗಳಲ್ಲಿ ಮುಗಿಸುತ್ತಾರೆ.

ಇಲ್ಲಿ ನಿರ್ದೇಶಕ ವಿಶೇಷಣವಿಲ್ಲ, ಕ್ರಿಯಾಪದ ರೂಢಿಯನ್ನು ಹೇಳುವ ವರ್ತಮಾನದಲ್ಲಿದೆ. ಈ ಎರಡು ಲಕ್ಷಣಗಳು ಕೂಡಿ, ವಾಕ್ಯ ಯಾವುದೋ ಹತ್ತು ಜನರನ್ನು ಬಿಟ್ಟು ಗಂಡಸರು ಮತ್ತು ಹೆಂಗಸರು ಎಂಬ ಜಾತಿಗಳ ಬಗ್ಗೆ ಮಾತಾಡುತ್ತದೆ: ಒಬ್ಬ ಗಂಡಸು ಒಂದೂವರೆ ಹೆಂಗಸಿಗೆ ಸಮ. ಒಂದೇ ಬಗೆಯ ಕೆಲಸಕ್ಕೆ ಲಿಂಗಭೇದವಿಲ್ಲದೆ ಸಮಾನ ಸಂಭಾವನೆ ಎಂದು 1976ರ ಕಾಯ್ದೆ ವಿಧಿಸಿದ ದೇಶದಲ್ಲಿ, ಇಂಥ ವಾಕ್ಯ ಲೆಕ್ಕದ ದತ್ತಾಂಶವಾಗಿ, ಸಂಶಯಿಸಲು ಅವಕಾಶವಿಲ್ಲದ ಸ್ಥಾನದಲ್ಲಿ ಕೂರುತ್ತದೆ. ‘ಈ ನಾಲ್ವರು’, ‘ಆ ಆರು ಮಂದಿ’ ಎಂದಿದ್ದರೆ ಸಮೀಕರಣ ಎಳ್ಳಷ್ಟೂ ಬದಲಾಗುತ್ತಿರಲಿಲ್ಲ.

6. ಒಂದು ಆಕ್ಷೇಪ

ಇದೆಲ್ಲ ಪ್ರಭೇದದ ರೂಢಿ, ತರಗತಿಯಲ್ಲಿ ಪಳಗಿದ ವಿದ್ಯಾರ್ಥಿ ಅದನ್ನು ಬಲ್ಲ, ಲೆಕ್ಕವನ್ನು ಕರಾರುಪತ್ರದಂತೆ ಬರೆಯಲಾಗದು ಎಂದು ಆಕ್ಷೇಪಿಸಬಹುದು. ಇದರಲ್ಲಿ ಹುರುಳಿದೆ. ಯಾವ ಪ್ರಭೇದವೂ ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ, ಒಂದೇ ಗತಿಯ ಕೆಲಸವೆಂಬ ಕಲ್ಪನೆಯನ್ನು ಪ್ರತಿ ಲೆಕ್ಕದಲ್ಲೂ ಘೋಷಿಸಬೇಕಾಗಿಯೂ ಇಲ್ಲ. ಆದರೆ ಗತಿಯ ಕಲ್ಪನೆ ಎಣಿಕೆಯನ್ನು ಸುಲಭಗೊಳಿಸುವ ಅನುಕೂಲ; ಹಂಚಿಕೆಯ ನಿಯಮ ಒಂದು ಮೌಲ್ಯನಿರ್ಣಯ. ಎರಡನ್ನೂ ‘ರೂಢಿ’ ಎಂಬ ಒಂದೇ ಹೆಸರಿನಡಿ ಸೇರಿಸಿದರೆ ಎರಡನೆಯದು ಚರ್ಚೆಯಿಂದ ತಪ್ಪಿಸಿಕೊಳ್ಳುತ್ತದೆ. ಅಲ್ಲದೆ ರೂಢಿಯನ್ನು ಬಲ್ಲವರು ಇಂಥ ಲೆಕ್ಕಗಳನ್ನು ನೂರಾರು ಮಾಡಿದವರು. ಮನೆಯಲ್ಲಿ ನಿಜವಾದ ಕೂಲಿಯ ಮಾತು ಕೇಳಿ ಬೆಳೆದ ಮಗುವಿಗೆ ಪದದ ಬಳಕೆ ಹೆಚ್ಚು ಗೊತ್ತು, ಪ್ರಭೇದದ ರೂಢಿ ಕಡಿಮೆ ಗೊತ್ತು. ಅಂಥ ಮಗುವಿನ ಭಾಷಾಜ್ಞಾನವೇ ಅದಕ್ಕೆ ಅಂಕ ಕಳೆಯುವ ಕಾರಣವಾಗುವುದು ಮಾಪನದ ದೋಷ.

ಬರಹ ಉದ್ದವಾಗುತ್ತದೆ ಎಂಬ ಅಂಜಿಕೆಗೂ ಆಧಾರವಿಲ್ಲ. (1)ನ್ನು ಹೀಗೆ ತಿದ್ದಬಹುದು:

(5) ರಾಮ ಒಬ್ಬನೇ 12 ದಿನಗಳಲ್ಲಿ ಮುಗಿಸುವ ಕೆಲಸವನ್ನು ಲಕ್ಷ್ಮಿ ಒಬ್ಬಳೇ 24 ದಿನಗಳಲ್ಲಿ ಮುಗಿಸುತ್ತಾಳೆ. ಇಬ್ಬರೂ ಸೇರಿ ಅದನ್ನು 3600 ರೂಪಾಯಿಗೆ ಗುತ್ತಿಗೆ ಹಿಡಿದು ಮುಗಿಸಿದರು. (ಅ) ಮಾಡಿದ ಕೆಲಸಕ್ಕೆ ತಕ್ಕಂತೆ ಹಂಚಿಕೊಂಡರೆ ಯಾರಿಗೆಷ್ಟು? (ಆ) ದುಡಿದ ದಿನಗಳಿಗೆ ತಕ್ಕಂತೆ ಹಂಚಿಕೊಂಡರೆ ಯಾರಿಗೆಷ್ಟು?

ಬೀಜಗಣಿತ ಅಷ್ಟೇ ಇದೆ. ಉತ್ತರಗಳು (ಅ) 2400 ಮತ್ತು 1200, (ಆ) ತಲಾ 1800. ಎರಡೂ ಉತ್ತರಗಳನ್ನು ಪಡೆದ ತರಗತಿ ಮೂರನೆಯ ಪ್ರಶ್ನೆಯನ್ನು, ಯಾವುದು ನ್ಯಾಯ ಎಂಬುದನ್ನು, ತನ್ನದೇ ಮಾತಿನಲ್ಲಿ ಚರ್ಚಿಸಬಹುದು.

7. ಉಪಸಂಹಾರ

ನಮ್ಮ ವಿಶ್ಲೇಷಣೆಯಿಂದ ಪ್ರಯೋಗಕ್ಕೆ ಒಡ್ಡಬಹುದಾದ ಎರಡು ನಿರೀಕ್ಷೆಗಳು ಹೊರಡುತ್ತವೆ. ‘ಕೂಲಿ’ ಪದವಿರುವ ಲೆಕ್ಕದಲ್ಲಿ ಸಮಪಾಲಿನ ಉತ್ತರ ‘ಪಾಲು’ ಪದವಿರುವ ಲೆಕ್ಕಕ್ಕಿಂತ ಹೆಚ್ಚು ಬರಬೇಕು. ‘ಆಳು’ ಮಾನವಾಗಿ ಬಳಕೆಯಲ್ಲಿರುವ ಪ್ರದೇಶಗಳ ವಿದ್ಯಾರ್ಥಿಗಳಿಗೆ ವ್ಯಸ್ತಾನುಪಾತದ ಲೆಕ್ಕಗಳನ್ನು ಆ ಪದದಲ್ಲಿ ಕೊಟ್ಟಾಗ ತಪ್ಪುಗಳು ಇಳಿಯಬೇಕು. ಸಂಶೋಧನಾ ವಿದ್ಯಾರ್ಥಿಗಳು ಇವನ್ನು ಕೈಗೆತ್ತಿಕೊಳ್ಳಲಿ ಎಂಬುದು ನಮ್ಮ ಆಶಯ. ಅಲ್ಲಿಯವರೆಗೆ ಉತ್ತರಪತ್ರಿಕೆಯ ಮೌಲ್ಯಮಾಪಕರಲ್ಲಿ ನಾವು ಕೇಳಿಕೊಳ್ಳುವುದು ಇಷ್ಟೇ: ‘ತಲಾ 1800’ ಎಂಬ ಉತ್ತರದ ಮೇಲೆ ಕೆಂಪು ಗೀಟು ಎಳೆಯುವ ಮುನ್ನ, ಪ್ರಶ್ನೆಯ ಯಾವ ಪದ ಅದನ್ನು ತಪ್ಪಾಗಿಸುತ್ತದೆ ಎಂದು ಬೆರಳಿಟ್ಟು ತೋರಿಸಬೇಕು. ಅಂಥ ಪದ ಸಿಗದಿದ್ದರೆ ತಿದ್ದಬೇಕಾದುದು ಪ್ರಶ್ನೆಯನ್ನು.