ಟೇಪಿಗೆ ಸಲ್ಲದ ಶ್ರೇಯ

ಡಿಜಿಟಲ್ ಆಗಿ ಮುದ್ರಿಸಿದ ಸಂಗೀತವನ್ನು ಮಾಸ್ಟರಿಂಗ್ ಹೊತ್ತಿನಲ್ಲಿ ಒಮ್ಮೆ ಟೇಪಿಗಿಳಿಸಿ ಮರಳಿ ಪಡೆದರೆ ಅದಕ್ಕೆ ಜೀವ ಬರುತ್ತದೆ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಕವರಿನ ಮೇಲೆ ‘ಅನಲಾಗ್’ ಎಂದು ಕಂಡೊಡನೆ ವಿಮರ್ಶಕರ ಹೊಗಳಿಕೆ ಶುರುವಾಗುತ್ತದೆ. ಈ ಕೀರ್ತಿಯ ಬಹುಪಾಲು ಟೇಪಿಗೆ ಸಲ್ಲತಕ್ಕದ್ದಲ್ಲ.

ಡಿಜಿಟಲ್ ಬಿಟ್ಟದ್ದನ್ನು ಟೇಪು ತುಂಬಿಕೊಡುತ್ತದೆ ಎನ್ನುವವರ ತಲೆಯಲ್ಲಿ ಒಂದು ಮೆಟ್ಟಿಲಿನ ಚಿತ್ರವಿದೆ: ಸ್ಯಾಂಪಲ್ಲುಗಳ ನಡುವೆ ಬಿರುಕು, ಬಿರುಕಿನಲ್ಲಿ ಕಳೆದುಹೋದ ನಾದ. ಆ ಚಿತ್ರವೇ ತಪ್ಪು. ಸೆಕೆಂಡಿಗೆ 44,100 ಸಲ ಅಳೆದರೆ 22,050 ಹರ್ಟ್ಸ್‌ಗಿಂತ ಕೆಳಗಿನ ಅಲೆಯೆಲ್ಲ ಮೆಟ್ಟಿಲಿಲ್ಲದೆ ನಯವಾಗಿಯೇ ಮರಳುತ್ತದೆ. ನಮ್ಮ ಕಿವಿಯ ಮಿತಿ ಅದಕ್ಕೂ ಕೆಳಗಿದೆ. 16 ಬಿಟ್ ಸಿ.ಡಿ.ಯ ವ್ಯಾಪ್ತಿ ಸುಮಾರು 96 ಡೆಸಿಬಲ್. ಒಳ್ಳೆಯ ಟೇಪಿನದು, ನಾಯ್ಸ್ ರಿಡಕ್ಷನ್ ಇಲ್ಲದಿದ್ದರೆ, 70ರ ಆಚೀಚೆ. ಹಾಗಾಗಿ ಟೇಪು ಏನನ್ನೂ ಹಿಂದಿರುಗಿಸುವುದಿಲ್ಲ, ತನ್ನದನ್ನು ಸೇರಿಸುತ್ತದೆ. ಸದ್ದು ಏರಿದಂತೆ ಕಾಂತಪದರ ಅದನ್ನು ಪೂರ್ತಿ ಹಿಡಿಯಲಾರದೆ ಡ್ರಮ್ಮಿನ ಪೆಟ್ಟಿನ ತುದಿ ಮೊಂಡಾಗುತ್ತದೆ. ಮೂಲಸ್ವರದ ಮೂರು ಪಟ್ಟು ಕಂಪನದ ಇನ್ನೊಂದು ಸ್ವರ ಸಣ್ಣಗೆ ಹುಟ್ಟಿಕೊಳ್ಳುತ್ತದೆ. ಟೇಪ್ ಯಂತ್ರದ ಹೆಡ್ಡಿನ ರಚನೆಯಿಂದಾಗಿ ಮಂದ್ರದಲ್ಲಿ ಕೊಂಚ ಉಬ್ಬು ಬರುತ್ತದೆ. ಇವೆಲ್ಲ ಹಿತವಾಗಿ ಕೇಳಬಹುದು, ಒಪ್ಪುತ್ತೇನೆ. ಆದರೆ ತುದಿಗಳು ಮೊಂಡಾದರೆ ಇಡೀ ಮಿಕ್ಸನ್ನು ಇನ್ನಷ್ಟು ಜೋರಾಗಿಸಲು ಜಾಗ ಸಿಗುತ್ತದೆ. ಎರಡು ಪ್ರತಿಗಳಲ್ಲಿ ತುಸು ಜೋರಾದದ್ದೇ ಕಿವಿಗೆ ಚೆನ್ನೆನಿಸುತ್ತದೆ. ಮಟ್ಟವನ್ನು ಸಮಗೊಳಿಸದೆ ಹೋಲಿಸಿದವರು ಮೆಚ್ಚಿದ್ದು ಟೇಪನ್ನೋ ಜೋರನ್ನೋ ಎಂದು ಅವರೂ ಹೇಳಲಾರರು.

ಕಿವಿಯೇ ಪ್ರಮಾಣ ಎನ್ನುವ ವಿಮರ್ಶಕರಿಗೆ 2022ರ ಜುಲೈ ಪಾಠವಾಗಬೇಕಿತ್ತು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಎಲ್‌.ಪಿ.ಗಳು ಮೂಲ ಟೇಪಿನಿಂದ ನೇರವಾಗಿ ಬಂದವೆಂದು ಎಲ್ಲರೂ ನಂಬಿದ್ದರು. ಅವುಗಳಲ್ಲಿ ಅನೇಕವು 2011ರಿಂದಲೇ ಡಿ.ಎಸ್‌.ಡಿ. ಎಂಬ ಡಿಜಿಟಲ್ ಹಂತ ದಾಟಿ ಬಂದಿದ್ದವು ಎಂಬುದು ಆಗ ಬಯಲಾಯಿತು. ಕಂಪನಿಯ ಎಂಜಿನಿಯರುಗಳೇ ಒಪ್ಪಿಕೊಂಡರು. ಅವನ್ನು ಅನಲಾಗಿನ ಶಿಖರವೆಂದು ವರ್ಷಗಟ್ಟಲೆ ಕೊಂಡಾಡಿದ ಯಾವ ಕಿವಿಯೂ ಆ ಹಂತವನ್ನು ಪತ್ತೆಹಚ್ಚಿರಲಿಲ್ಲ. ಆಮೇಲಾದರೂ ತಮ್ಮ ಅಳತೆಗೋಲನ್ನು ಅವರು ಮತ್ತೆ ಪರೀಕ್ಷಿಸಬೇಕಿತ್ತು. ಬದಲಿಗೆ, ಡಿ.ಎಸ್‌.ಡಿ. ಬೇರೆಯೇ ದರ್ಜೆಯದು, ಸಿ.ಡಿ. ಗುಣಮಟ್ಟದ ಡಿಜಿಟಲ್ ಆಗಿದ್ದರೆ ಕೂಡಲೇ ಗೊತ್ತಾಗುತ್ತಿತ್ತು ಎಂಬ ಹೊಸ ವಾದ ಕೇಳಿಬಂತು. ಇದಕ್ಕೂ ಉತ್ತರ ಮೊದಲೇ ಇತ್ತು. ಮೇಯರ್ ಮತ್ತು ಮೊರಾನ್ 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಡಿ.ಎಸ್‌.ಡಿ.ಯನ್ನೇ ಬಳಸುವ ಎಸ್‌.ಎ.ಸಿ.ಡಿ.ಯ ಸದ್ದನ್ನು ಸಿ.ಡಿ. ಗುಣಮಟ್ಟಕ್ಕೆ ಇಳಿಸಿ ಹಾಯಿಸಿದರು. ಸಾಮಾನ್ಯ ಮಟ್ಟದಲ್ಲಿ ಕೇಳಿದವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಅವರಲ್ಲಿ ರೆಕಾರ್ಡಿಂಗ್ ವೃತ್ತಿಯವರೂ ಇದ್ದರು. ಈ ಪ್ರಬಂಧವನ್ನು ಪಕ್ಕಕ್ಕಿಟ್ಟು ಟೇಪಿನ ಬಗ್ಗೆ ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ.

ಟೇಪಿಲ್ಲದೆಯೂ ಸೊಗಸು ಬರುತ್ತದೆ ಎಂಬುದಕ್ಕೆ ಉದಾಹರಣೆಯಿದೆ. ಗಾಯಕ ಡೊನಾಲ್ಡ್ ಫೇಗನ್‌ನ ‘ದಿ ನೈಟ್‌ಫ್ಲೈ’ (1982) 3ಎಂ ಕಂಪನಿಯ ಡಿಜಿಟಲ್ ಯಂತ್ರದಲ್ಲಿ ಮುದ್ರಣಗೊಂಡದ್ದು. ಸ್ಪೀಕರುಗಳನ್ನು ಪರೀಕ್ಷಿಸಲು ಧ್ವನಿಪ್ರಿಯರು ದಶಕಗಳಿಂದ ಹಾಕಿ ಕೇಳುತ್ತಿರುವ ಆಲ್ಬಮ್ ಅದು. ಅಲ್ಲಿನ ಸೊಗಸು ವಾದಕರದು, ವಾದ್ಯಗಳನ್ನು ಒಂದರ ಮೇಲೊಂದು ಬೀಳದಂತೆ ಹೊಂದಿಸಿದ ಜಾಣ್ಮೆಯದು, ಮೈಕ್ ಇಟ್ಟವರ ಕೈಯದು. ಡಿಜಿಟಲ್ ಕರ್ಕಶವೆಂಬ ದೂರಿಗೆ ಎಷ್ಟೋ ಸಲ, ಸದ್ದಿನ ಏರಿಕೆಗೆ ತಡೆಹಾಕುವ ಲಿಮಿಟರನ್ನು ಮಿತಿಮೀರಿ ಒತ್ತಿದವರು ಹೊಣೆ. ಆ ತಪ್ಪನ್ನು ಟೇಪು ತಿದ್ದಲಾರದು.

ಒಂದು ರಾಕ್ ಹಾಡಿಗೆ ಈ ಬಣ್ಣ ಬೇಕೆಂದು ಎಂಜಿನಿಯರ್ ತಿಳಿದೇ ಆರಿಸಿದರೆ ನನ್ನ ತಕರಾರಿಲ್ಲ. ಡ್ರಮ್ಮಿಗೂ ಗಿಟಾರಿಗೂ ಅದು ಒಗ್ಗುತ್ತದೆ. ಕಛೇರಿಯ ಸಂಗೀತದ ಮಾತೇ ಬೇರೆ. ಯಂತ್ರ ಎಷ್ಟೇ ಒಳ್ಳೆಯದಾದರೂ ಟೇಪಿನ ಓಟದಲ್ಲಿ ಸಣ್ಣ ಅಲುಗಾಟ ಇದ್ದೇ ಇರುತ್ತದೆ, ಮತ್ತು ಅದು ಬಯಲಾಗುವುದು ಎಡೆಬಿಡದೆ ನಿಲ್ಲುವ ಸ್ವರದಲ್ಲಿ. ಕಛೇರಿಯಲ್ಲಿ ತಂಬೂರಿಯ ಶ್ರುತಿ ಆರಂಭದಿಂದ ಕೊನೆಯವರೆಗೂ ನಿಂತಿರುತ್ತದೆ. ಮೃದಂಗದ ಚಾಪಿಗೆ ಆ ಚೂಪು ತುದಿಯೇ ಪ್ರಾಣ. ಅಂಥ ಮುದ್ರಿಕೆಗೆ ಟೇಪಿನ ಮಾಸ್ಟರಿಂಗ್ ಬೇಡವೇ ಬೇಡ.